‘ಇತರೆ’ ಕಾಲಂಗೆ ಸೇರಿದ ಹೆಜ್ಜೇನು

ಕೆಲವು ವರ್ಷಗಳ ಹಿಂದೆ ಚಾಮರಾಜನಗರದ ಕಡೆಯ ಕಾಡೊಂದರಲ್ಲಿ ಪ್ರಾಣಿಗಣತಿಗೆ ಸ್ವಯಂಸೇವಕನಾಗಿ ಹೋಗಿದ್ದೆ. ಬೆಳಗಿನ ಜಾವ ಎದ್ದು, ಎರಡು ಕಿಲೋಮೀಟರಿನ ಟ್ರಾನ್ಸೆಕ್ಟ್ ಲೈನಿನ ಮೇಲೆ ಸದ್ದಿಲ್ಲದೆ ನಡೆಯುವ ಕೆಲಸ. ಮುಂದೆ ಐವತ್ತು ದಾಟಿದ ಸೋಲಿಗ ವಾಚರ್, ನಡುವೆ ಗಾರ್ಡ್, ಹಿಂದೆ ಫಾರಂ ಹಿಡಿದ ನಾನು. ಜಿಂಕೆಯೋ ಕಡವೆಯೋ ಕಾಟಿಯೋ ಕಂಡರೆ ಎಷ್ಟು, ಎಷ್ಟು ದೂರ, ಯಾವ ದಿಕ್ಕು ಎಂದು ಬರೆದುಕೊಳ್ಳಬೇಕು. ಅರ್ಧ ದಾರಿಯಲ್ಲಿ ವಾಚರ್ ಒಂದು ದೊಡ್ಡ ಮರದ ಕೆಳಗೆ ನಿಂತು ಮೇಲೆ ನೋಡಿದರು. ಹೆಜ್ಜೇನು.

“ಮುಂಚೆ ಈ ಮರದಲ್ಲಿ ಹುಟ್ಟು ಎಣಿಸೋಕೆ ಆಯ್ತಿರಲಿಲ್ಲ ಸಾ. ಈಗ ನೋಡಿ, ನಾಕೋ ಐದೋ. ಬರಕೊಳಿ” ಎಂದರು.

ನಾನು ಫಾರಂ ತಿರುಗಿಸಿ ನೋಡಿದೆ. ಜೇನಿಗೆ ಜಾಗವಿರಲಿಲ್ಲ. ಕಟ್ಟಕಡೆಗೆ ‘ಇತರೆ’ ಎಂಬ ಸಣ್ಣ ಕಾಲಂ ಇತ್ತು. ಅದರಲ್ಲಿ ‘ಹೆಜ್ಜೇನು, 5 ಹುಟ್ಟು’ ಎಂದು ಗೀಚಿದೆ. ಮುಂಚೆ ಎಷ್ಟಿತ್ತು ಎಂದು ಅವರು ಹೇಳಿದ್ದನ್ನು ಬರೆಯಲು ‘ಇತರೆ’ಯಲ್ಲೂ ಜಾಗ ಉಳಿಯಲಿಲ್ಲ.

ಕ್ಯಾಂಪಿಗೆ ಮರಳಿ ಚಿತ್ರಾನ್ನ ತಿನ್ನುತ್ತ ಕೂತಾಗ ಅವರೇ ಕೇಳಿದರು: “ಹೋದ ಸಲಾನೂ ನಡೆದ್ವಿ, ಅದರ ಹಿಂದಿನ ಸಲಾನೂ ನಡೆದ್ವಿ. ಆ ಲೆಕ್ಕ ಎಲ್ಲ ಏನಾಯ್ತು ಸಾ?”

ಗಾರ್ಡ್ ನಕ್ಕರು. ಉತ್ತರ ಗೊತ್ತಿಲ್ಲದ್ದರಿಂದ ನಾನೂ ನಕ್ಕೆ.

ಆ ನಗುವಿಗೆ ಈಗ ನಾಚಿಕೆಯಾಗುತ್ತದೆ. ಏಕೆಂದರೆ ಅದೇ ಪ್ರಶ್ನೆಯನ್ನು ಈಗ ಇಡೀ ಜಗತ್ತಿಗೆ ಕೇಳಬೇಕಾಗಿದೆ. 2022ರ ಡಿಸೆಂಬರಿನಲ್ಲಿ ಜಗತ್ತಿನ ದೇಶಗಳು ಮಾಂಟ್ರಿಯಲ್‌ನಲ್ಲಿ ಸೇರಿ ಕುನ್ಮಿಂಗ್–ಮಾಂಟ್ರಿಯಲ್ ಜೀವವೈವಿಧ್ಯ ಚೌಕಟ್ಟನ್ನು ಒಪ್ಪಿಕೊಂಡವು. 2030ಕ್ಕೆ ಮುಟ್ಟಬೇಕಾದ 23 ಗುರಿಗಳು ಅದರಲ್ಲಿವೆ. ನೆಲ ಜಲಗಳ ಶೇ. 30ರಷ್ಟನ್ನು ಕಾಪಾಡುವುದು ಅವುಗಳಲ್ಲಿ ಒಂದು. ಅದಕ್ಕೆ ಮುಂಚೆ, 2010ರಲ್ಲಿ, ‘ಐಚಿ ಗುರಿಗಳು’ ಎಂದು 20 ಗುರಿಗಳನ್ನು ಹಾಕಿಕೊಂಡಿದ್ದರು. ಹತ್ತು ವರ್ಷ ಕಳೆದ ಮೇಲೆ, ಅವುಗಳಲ್ಲಿ ಒಂದನ್ನೂ ಪೂರ್ತಿ ಮುಟ್ಟಲಾಗಲಿಲ್ಲ ಎಂದು ವಿಶ್ವಸಂಸ್ಥೆಯ ವರದಿಯೇ ಹೇಳಿತು. ಈ ಸಲ ಹಾಗಾಗಬಾರದೆಂದರೆ ಆಗಾಗ ಅಳೆದು ನೋಡಬೇಕು. ಅಳೆಯುವುದು ಹೇಗೆಂಬ ಚೌಕಟ್ಟನ್ನು 2025ರ ಫೆಬ್ರವರಿಯಲ್ಲಿ ರೋಮ್‌ನಲ್ಲಿ ಅಂತಿಮಗೊಳಿಸಿದರು. ಜಗತ್ತಿನ ಜೀವವೈವಿಧ್ಯ ವೀಕ್ಷಣೆಯನ್ನು ಒಂದುಗೂಡಿಸಲು 2008ರಿಂದ ಇರುವ ‘ಜಿಯೋ ಬಾನ್’ ಎಂಬ ಜಾಲದ ವಿಜ್ಞಾನಿಗಳು, ಹವಾಮಾನಕ್ಕಿರುವಂತೆ ಜೀವಗಳಿಗೂ ಒಂದು ಜಾಗತಿಕ ವೀಕ್ಷಣಾ ವ್ಯವಸ್ಥೆ ಬೇಕೆಂದು 2023ರಲ್ಲಿ ಪ್ರಸ್ತಾಪ ಮುಂದಿಟ್ಟಿದ್ದಾರೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಈ ಕೆಲಸದ ವಿರೋಧಿಯಲ್ಲ. ಅಳೆಯದೆ ಉಳಿಸುತ್ತೇವೆನ್ನುವುದು ಬೊಗಳೆ. ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಅಳೆಯಲು ಶುರುಮಾಡದೇ ಇದ್ದಿದ್ದರೆ ಹವಾಮಾನ ಬದಲಾವಣೆಯ ವಾದ ಇಷ್ಟು ಗಟ್ಟಿಯಾಗಿ ನಿಲ್ಲುತ್ತಿರಲಿಲ್ಲ. ಆ ಅಳತೆಯೂ ಸಲೀಸಾಗಿ ನಡೆದದ್ದಲ್ಲ. 1964ರಲ್ಲಿ ಹಣ ಕಡಿತಗೊಂಡು ಕೆಲವು ತಿಂಗಳು ನಿಂತೇಹೋಗಿತ್ತು. ಆ ಪ್ರಸಿದ್ಧ ರೇಖೆಯಲ್ಲಿ ಆ ಖಾಲಿ ಜಾಗ ಇವತ್ತಿಗೂ ಇದೆ.

ಆದರೆ ಗಾಳಿಯ ಲೆಕ್ಕ ಬೇರೆ, ಜೀವದ ಲೆಕ್ಕ ಬೇರೆ. ಇಂಗಾಲ ಗಾಳಿಯಲ್ಲಿ ಎಲ್ಲೆಡೆ ಬೆರೆಯುವುದರಿಂದ ಒಂದು ಬೆಟ್ಟದ ಮೇಲಿನ ಒಂದು ಯಂತ್ರ ಇಡೀ ಭೂಮಿಯ ಬಗ್ಗೆ ಏನಾದರೂ ಹೇಳಬಲ್ಲದು. ಜೀವಗಳು ಹಾಗೆ ಬೆರೆಯುವುದಿಲ್ಲ. ಬಿಳಿಗಿರಿಯ ಕಾಡಿನಲ್ಲಿ ನೆಲ್ಲಿಯ ಗತಿ ಏನಾಗಿದೆ ಎಂದು ತಿಳಿಯಲು ಬಿಳಿಗಿರಿಗೇ ಹೋಗಬೇಕು, ಅದೇ ಮರಗಳ ಬುಡಕ್ಕೆ ಮತ್ತೆ ಮತ್ತೆ ಹೋಗಬೇಕು, ವರ್ಷಗಟ್ಟಲೆ ಹೋಗಬೇಕು. ಹಾಗೆ ಹೋಗುವವರು ಯಾರು, ಅವರಿಗೆ ಸಂಬಳ ಕೊಡುವವರು ಯಾರು, ಅವರು ತಂದ ಲೆಕ್ಕ ಕೊನೆಗೆ ಯಾರ ಕೈ ಸೇರುತ್ತದೆ? ಜಾಗತಿಕ ಸಮನ್ವಯದ ಮಾತಾಡುವವರು ಈ ಮೂರು ಪ್ರಶ್ನೆಗಳನ್ನು ಅಡಿಟಿಪ್ಪಣಿಗೆ ತಳ್ಳುತ್ತಾರೆ ಎಂಬುದು ನನ್ನ ತಕರಾರು. ನನ್ನ ಪ್ರಕಾರ ಸಮನ್ವಯವೆಂದರೆ ಈ ಮೂರೇ. ಸರ್ವರು, ಸೂಚ್ಯಂಕ, ನಕಾಶೆಗಳೆಲ್ಲ ಆಮೇಲಿನ ಮಾತು.

ಈಗಿರುವ ಉಗ್ರಾಣವನ್ನೇ ನೋಡಿ. ಜಗತ್ತಿನಲ್ಲಿ ಯಾವ ಜೀವಿ ಎಲ್ಲಿ ಕಂಡಿತು ಎಂಬ ದಾಖಲೆಗಳನ್ನು ಒಂದೆಡೆ ಕೂಡಿಸುವ ‘ಜಿಬಿಐಎಫ್’ 2001ರಲ್ಲಿ ಶುರುವಾಯಿತು. ಅದರ ಕಚೇರಿ ಕೋಪನ್‌ಹೇಗನ್‌ನಲ್ಲಿದೆ. ಅಲ್ಲಿ 200 ಕೋಟಿಗೂ ಹೆಚ್ಚು ದಾಖಲೆಗಳಿವೆ, ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ದೊಡ್ಡ ಕೆಲಸ, ಮೆಚ್ಚಲೇಬೇಕು. ಆದರೆ ಆ ರಾಶಿಯಲ್ಲಿ ಅರ್ಧಕ್ಕಿಂತ ಹೆಚ್ಚು ದಾಖಲೆಗಳು ಹಕ್ಕಿಗಳವು. ಭೂಮಿಯ ಮೇಲಿರುವ ಹಕ್ಕಿ ಪ್ರಭೇದಗಳು ಸುಮಾರು 11 ಸಾವಿರ. ಹೆಸರಿಟ್ಟ ಕೀಟಗಳೇ ಸುಮಾರು 10 ಲಕ್ಷ, ಹೆಸರಿಡದವು ಇನ್ನೂ ಹಲವು ಪಟ್ಟು. ದಾಖಲೆಗಳ ಬಹುಪಾಲು ಅಮೆರಿಕ, ಯುರೋಪುಗಳದ್ದು. ಜೀವವೈವಿಧ್ಯ ದಟ್ಟವಾಗಿರುವುದು ಉಷ್ಣವಲಯದಲ್ಲಿ, ದಾಖಲೆ ದಟ್ಟವಾಗಿರುವುದು ದುರ್ಬೀನು, ರಜೆ, ಇಂಟರ್ನೆಟ್ಟು ಮೂರೂ ಇರುವವರ ನಾಡಿನಲ್ಲಿ. ಆ ನಕಾಶೆಯಲ್ಲಿ ಚುಕ್ಕಿ ದಟ್ಟವಾಗಿರುವ ಕಡೆ ಜೀವ ಹೆಚ್ಚಿದೆ ಎಂದುಕೊಂಡರೆ ಮೋಸಹೋಗುತ್ತೀರಿ. ಅಲ್ಲಿ ನೋಡುವವರು ಹೆಚ್ಚಿದ್ದಾರೆ, ಅಷ್ಟೆ.

ಇದು ವಿಜ್ಞಾನಿಗಳಿಗೆ ಗೊತ್ತಿಲ್ಲದ ಗುಟ್ಟೇನಲ್ಲ. ಅವರೇ ಹೇಳುತ್ತ ಬಂದಿದ್ದಾರೆ, ತಿದ್ದಲು ಗಣಿತದ ಉಪಾಯಗಳನ್ನೂ ಮಾಡಿದ್ದಾರೆ. ಆದರೆ ವಿಜ್ಞಾನಿಯ ಮೇಜಿನಿಂದ ಇಳಿದು ಕಡತಕ್ಕೆ ಬರುವಷ್ಟರಲ್ಲಿ ಆ ಎಚ್ಚರ ಉದುರಿಹೋಗುತ್ತದೆ. ಕಡತದಲ್ಲಿ ‘ದಾಖಲೆ ಇಲ್ಲ’ ಎಂಬುದಕ್ಕೆ ‘ಜೀವಿ ಇಲ್ಲ’ ಎಂಬ ಅರ್ಥ ಬಂದುಬಿಡುತ್ತದೆ.

ಉತ್ತರ ಕನ್ನಡದ ಸಿದ್ದಾಪುರ ತಾಲೂಕಿನ ಕತ್ತಲೆಕಾನಿನ ಕಪ್ಪೆಯೊಂದನ್ನು ನೆನಪು ಮಾಡಿಕೊಳ್ಳಿ. ಅದರ ಗಂಡು ಹಿಂಗಾಲ ಮೇಲೆ ಎದ್ದು ನಿಂತು, ಮುಂಗೈಯಲ್ಲಿ ಕೆಸರು ತೆಗೆದು, ಮೊಟ್ಟೆಗಳ ಮೇಲೆ ಮೆತ್ತುತ್ತದೆ. ಅದನ್ನು ಕಂಡ ವಿಜ್ಞಾನಿಗಳು 2014ರಲ್ಲಿ ಅದಕ್ಕೆ ‘ಕುಂಬಾರ’ ಎಂದೇ ಹೆಸರಿಟ್ಟರು. ಜಗತ್ತಿನ ವಿಜ್ಞಾನದ ಪಟ್ಟಿಯಲ್ಲಿ ಈಗ ಆ ಕನ್ನಡ ಪದವಿದೆ, ಸಂತೋಷ. ಆದರೆ 2013ರಲ್ಲಿ ಆ ಹಳ್ಳದ ಬಗ್ಗೆ ಒಂದು ಪರಿಸರ ವರದಿ ಬರೆದಿದ್ದರೆ ಅದರಲ್ಲಿ ಈ ಕಪ್ಪೆ ಇರುತ್ತಿತ್ತೇ? ಅಸಾಧ್ಯ. ಹೆಸರೇ ಇರಲಿಲ್ಲ. ಹೆಸರು ಬಂದ ಮೇಲಾದರೂ ಇರುತ್ತದೆಯೇ? ಅದೂ ಖಾತ್ರಿಯಿಲ್ಲ. ನಮ್ಮಲ್ಲಿ ಹಲವು ಯೋಜನೆಗಳ ಪರಿಸರ ಪರಿಣಾಮ ವರದಿಗೆ ಮಳೆಗಾಲ ಬಿಟ್ಟು ಒಂದು ಋತುವಿನ ಮಾಹಿತಿ ಸಾಕು ಎಂಬ ಪದ್ಧತಿಯಿದೆ. ಮಲೆನಾಡಿನ ಕಪ್ಪೆಗಳನ್ನು ಮಳೆಗಾಲ ಬಿಟ್ಟು ಹುಡುಕುವುದೆಂದರೆ ಜಾತ್ರೆ ಮುಗಿದ ಮೇಲೆ ತೇರು ಹುಡುಕಿದಂತೆ. ಅದೇ ಶರಾವತಿ ಕಣಿವೆಯಲ್ಲಿ, ಸಿಂಗಳೀಕಗಳ ಅಭಯಾರಣ್ಯದಲ್ಲಿ, 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯ ಬಗ್ಗೆ ಜಗಳ ನಡೆದಿದೆ. ಅಂಥ ಜಗಳದಲ್ಲಿ ಕಪ್ಪೆಯ ಪರವಾಗಿ ಮಾತಾಡುವವನ ಕೈಯಲ್ಲಿ ಇಪ್ಪತ್ತು ವರ್ಷದ ಲೆಕ್ಕ ಇರಬೇಕು. ಅದಿಲ್ಲದಿದ್ದರೆ ಎದುರು ಪಕ್ಷ ಅವನನ್ನು ಭಾವುಕ ಎಂದು ಕರೆದು ಕೂರಿಸಿಬಿಡುತ್ತದೆ.

ಇನ್ನು ಪತ್ರಿಕೆಗಳಿಗೆ ಪ್ರಿಯವಾದ ಒಂಟಿ ಸಂಖ್ಯೆಯ ವಿಚಾರ. ‘ಲಿವಿಂಗ್ ಪ್ಲಾನೆಟ್’ ವರದಿ ಎರಡು ವರ್ಷಕ್ಕೊಮ್ಮೆ ಬರುತ್ತದೆ. 2024ರ ವರದಿಯ ಪ್ರಕಾರ, 1970ರಿಂದ 2020ರ ನಡುವೆ ವನ್ಯಜೀವಿ ಸಮುದಾಯಗಳು ಸರಾಸರಿ ಶೇ. 73ರಷ್ಟು ಕುಗ್ಗಿವೆ. ಮರುದಿನ ಹಲವು ಕಡೆ ಸುದ್ದಿ ಬಂತು: ‘ಐವತ್ತು ವರ್ಷದಲ್ಲಿ ಶೇ. 73ರಷ್ಟು ಪ್ರಾಣಿಗಳು ಮಾಯ!’ ವರದಿ ಹಾಗೆ ಹೇಳಿರಲಿಲ್ಲ. ಅದು ನೋಡಿದ್ದು 5,495 ಪ್ರಭೇದಗಳ 34,836 ಸಮುದಾಯಗಳನ್ನು. ಎಲ್ಲವೂ ಬೆನ್ನೆಲುಬಿರುವ ಪ್ರಾಣಿಗಳು. ಕೀಟವಿಲ್ಲ, ಗಿಡವಿಲ್ಲ, ನಮ್ಮ ಹೆಜ್ಜೇನಿಲ್ಲ. ಅಲ್ಲದೆ ಆ ಸರಾಸರಿ ತಲೆಯೆಣಿಕೆಯ ಸರಾಸರಿಯಲ್ಲ.

ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಕೆರೆಯಲ್ಲಿ 100 ಕಪ್ಪೆಗಳಿದ್ದವು, 10ಕ್ಕೆ ಇಳಿದವು. ಪಕ್ಕದ ಕಾಡಿನಲ್ಲಿ 1,000 ಜಿಂಕೆಗಳಿದ್ದವು, ಹಾಗೇ ಉಳಿದವು. ಒಟ್ಟು 1,100 ಪ್ರಾಣಿಗಳಲ್ಲಿ ಕಡಿಮೆಯಾದದ್ದು 90, ಅಂದರೆ ಸುಮಾರು ಶೇ. 8. ಆದರೆ ಈ ಸೂಚ್ಯಂಕದಲ್ಲಿ ಬಳಸುವಂಥ ಗುಣೋತ್ತರ ಸರಾಸರಿ ತೆಗೆದರೆ ಇಳಿಕೆ ಶೇ. 68 ಎಂದು ಬರುತ್ತದೆ! ಇದು ತಪ್ಪು ಲೆಕ್ಕವಲ್ಲ. ಕಪ್ಪೆಯ ಕಷ್ಟವನ್ನು ಜಿಂಕೆಯ ಸಂಖ್ಯೆ ನುಂಗಿಹಾಕದಂತೆ ಬೇಕೆಂದೇ ಮಾಡಿದ ಲೆಕ್ಕ. ಆದರೆ ಓದುಗನಿಗೆ ಅದನ್ನು ಬಿಡಿಸಿ ಹೇಳದೆ ಗಾಬರಿಯನ್ನಷ್ಟೇ ಮಾರಿದರೆ ಎರಡು ಅಪಾಯಗಳಿವೆ. ಒಂದು, ನಿಜ ತಿಳಿದ ದಿನ ಅವನು ವಿಜ್ಞಾನವನ್ನೇ ನಂಬುವುದಿಲ್ಲ. ಎರಡು, ಜಗತ್ತಿನ ಶೇ. 73ಕ್ಕೆ ನಿಟ್ಟುಸಿರು ಬಿಟ್ಟವನು ತನ್ನೂರ ಕೆರೆಯ ಹತ್ತು ಕಪ್ಪೆಗಳ ಬಗ್ಗೆ ಏನನ್ನೂ ಕೇಳುವುದಿಲ್ಲ.

ಹಾಗಾದರೆ ನಂಬಬಹುದಾದ ಎಣಿಕೆ ಹೇಗಿರುತ್ತದೆ? ಬೇಸರ ಹುಟ್ಟಿಸುವಂತಿರುತ್ತದೆ. ಜರ್ಮನಿಯ ಕ್ರೆಫೆಲ್ಡ್ ಎಂಬ ಊರಿನ ಹವ್ಯಾಸಿ ಕೀಟಪ್ರಿಯರ ಸಂಘವೊಂದು 1989ರಿಂದ ಸಂರಕ್ಷಿತ ಜಾಗಗಳಲ್ಲಿ ಒಂದೇ ಬಗೆಯ ಬಲೆಗಳನ್ನು ಹಾಕಿ, ಬಿದ್ದ ಹುಳುಗಳನ್ನು ತೂಗಿ, ಬರೆದಿಡುತ್ತ ಬಂತು. 27 ವರ್ಷ, 63 ಜಾಗಗಳು. 2017ರಲ್ಲಿ ಆ ಲೆಕ್ಕ ಪ್ರಕಟವಾದಾಗ ಹಾರುವ ಕೀಟಗಳ ಒಟ್ಟು ತೂಕ ಮುಕ್ಕಾಲು ಪಾಲಿಗಿಂತ ಹೆಚ್ಚು ಇಳಿದದ್ದು ಗೊತ್ತಾಗಿ ಜಗತ್ತು ಬೆಚ್ಚಿತು. ಆ ಬೆಚ್ಚುವಿಕೆ ಬರೀ ಸುದ್ದಿಯಾಗಿ ಉಳಿಯಲಿಲ್ಲ. 2019ರಲ್ಲಿ ಜರ್ಮನ್ ಸರ್ಕಾರ ಕೀಟ ರಕ್ಷಣೆಯ ಕಾರ್ಯಕ್ರಮ ರೂಪಿಸಿತು, 2021ರಲ್ಲಿ ಕಾಯಿದೆ ತಂದಿತು. ಆ ಕಾಯಿದೆ ಸಾಲದು ಎನ್ನುವವರಿದ್ದಾರೆ, ಇರಲಿ. ಹವ್ಯಾಸಿಗಳು ತೂಗಿದ ಹುಳುಗಳು ಒಂದು ದೇಶದ ಸಂಸತ್ತಿನವರೆಗೆ ಹೋದವು ಎಂಬುದು ಮುಖ್ಯ.

ನಮ್ಮಲ್ಲೂ ಅಂಥ ತಾಳ್ಮೆಯ ಕೆಲಸಗಳಿವೆ. ಮುದುಮಲೆ ಕಾಡಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು 1988ರಲ್ಲಿ 50 ಹೆಕ್ಟೇರ್ ಜಾಗ ಗುರುತು ಮಾಡಿ, ಒಂದು ಸೆಂಟಿಮೀಟರಿಗಿಂತ ದಪ್ಪಗಿರುವ ಪ್ರತಿ ಕಾಂಡಕ್ಕೂ ನಂಬರು ಕೊಟ್ಟು, ಯಾವುದು ಬದುಕಿತು, ಯಾವುದನ್ನು ಆನೆ ಮುರಿಯಿತು, ಯಾವುದು ಬೆಂಕಿಗೆ ಹೋಯಿತು ಎಂದು ಬರೆಯುತ್ತ ಬಂದಿದ್ದಾರೆ. ಪನಾಮಾದ ಒಂದು ದ್ವೀಪದಲ್ಲಿ 1980ರ ಸುಮಾರಿಗೆ ಶುರುವಾದ ಇಂಥದೇ ಜಾಗಕ್ಕೂ ಮುದುಮಲೆಗೂ ಒಂದೇ ವಿಧಾನ. ಹಾಗಾಗಿ ಎರಡನ್ನೂ ಹೋಲಿಸಬಹುದು. ಜಾಗತಿಕ ಸಮನ್ವಯವೆಂದರೆ ನನಗೆ ಕಣ್ಣಮುಂದೆ ಬರುವುದು ಇದು. ಎರಡೂ ಕಡೆ ಜನ ಇದ್ದಲ್ಲೇ ಇದ್ದು ಒಂದೇ ರೀತಿ ಅಳೆದರು, ಆಮೇಲೆ ಕೂತು ಮಾತಾಡಿಕೊಂಡರು.

‘ಈಗ ಉಪಗ್ರಹಗಳಿವೆ, ಕೃತಕ ಬುದ್ಧಿಮತ್ತೆಯಿದೆ, ಸದ್ದು ಕೇಳಿ ಹಕ್ಕಿ ಗುರುತಿಸುವ ಯಂತ್ರಗಳಿವೆ. ಇನ್ನೂ ನಡೆದು ಎಣಿಸುವ ಮಾತೇಕೆ?’ ಎಂದು ಕೇಳುವವರಿದ್ದಾರೆ. ಯಂತ್ರಗಳು ಬರಲಿ. ಆದರೆ ಉಪಗ್ರಹಕ್ಕೆ ಮೇಲಿನ ಹಸಿರು ಕಾಣುತ್ತದೆ. ನಮ್ಮ ದೇಶದ ಅರಣ್ಯ ಸಮೀಕ್ಷೆಯಲ್ಲಿ ಒಂದು ಹೆಕ್ಟೇರಿಗಿಂತ ಹೆಚ್ಚಿನ ಜಾಗದಲ್ಲಿ ಶೇ. 10ರಷ್ಟು ಮರದ ನೆರಳಿದ್ದರೆ ಸಾಕು, ಅದು ‘ಅರಣ್ಯ ಹೊದಿಕೆ’. ಮರ ಯಾವುದೆಂದು ಕೇಳುವುದಿಲ್ಲ. ನೀಲಗಿರಿ ನೆಡುತೋಪೂ ಅದೇ, ಕಾನೂ ಅದೇ. ಕಾನು ಕಡಿದು ನೆಡುತೋಪು ಮಾಡಿದರೂ ನಕಾಶೆ ಹಸಿರಾಗಿಯೇ ಇರುತ್ತದೆ.

ಮರದ ಕೆಳಗೆ ಏನಾಗುತ್ತಿದೆ ಎಂಬುದಕ್ಕೆ ಬಿಳಿಗಿರಿರಂಗನ ಬೆಟ್ಟದ ಕತೆ ಕೇಳಿ. ಅಲ್ಲಿನ ಕಾಡನ್ನು ಲಂಟಾನ ಮುಚ್ಚುತ್ತ ಬಂತು. ಸಂಶೋಧಕರು 1997ರಲ್ಲಿ ನೋಡಿದಾಗ ಶೇ. 41ರಷ್ಟು ಮಾದರಿ ಜಾಗಗಳಲ್ಲಿದ್ದ ಲಂಟಾನ 2008ರ ಹೊತ್ತಿಗೆ ಶೇ. 81ರಷ್ಟರಲ್ಲಿತ್ತು. ಯಾಕೆ ಹೀಗಾಯಿತು ಎಂಬುದಕ್ಕೆ ಸೋಲಿಗರ ಬಳಿ ಒಂದು ವಿವರಣೆ ಮೊದಲೇ ಇತ್ತು. ಹಿಂದೆ ಅವರು ಬೇಸಿಗೆಯ ಆರಂಭದಲ್ಲಿ ‘ತರಗು ಬೆಂಕಿ’ ಹಾಕುತ್ತಿದ್ದರು, ನೆಲದ ತರಗನ್ನಷ್ಟೇ ಸುಡುವ ಸಣ್ಣ ಬೆಂಕಿ. ಕಾಡು ಅಭಯಾರಣ್ಯವಾದ ಮೇಲೆ ಅದು ನಿಂತಿತು. ಆಮೇಲೆ ಲಂಟಾನ ಏರಿತು, ನೆಲ್ಲಿ ಮರಗಳನ್ನು ಹೀರುವ ‘ಉಪ್ಪಿಲು’ ಎಂಬ ಬಂದಳಿಕೆಯೂ ಹೆಚ್ಚಿತು ಎಂದು ಅವರು ಹೇಳುತ್ತಿದ್ದರು. ಸಂಶೋಧಕರು ಇದನ್ನು ಗಂಭೀರವಾಗಿ ತೆಗೆದುಕೊಂಡು ಪರೀಕ್ಷಿಸಿ ಪ್ರಬಂಧ ಬರೆಯಲು ಅಭಯಾರಣ್ಯವಾಗಿ ದಶಕಗಳೇ ಕಳೆಯಬೇಕಾಯಿತು. ಅಷ್ಟು ಕಾಲ ಆ ತಿಳಿವಳಿಕೆ ಎಲ್ಲಿತ್ತು? ಯಾವುದೋ ಫಾರಮ್ಮಿನ ‘ಇತರೆ’ಯಲ್ಲೂ ಇರಲಿಲ್ಲ. ತರಗು ಬೆಂಕಿ, ಉಪ್ಪಿಲು ಎಂಬ ಪದಗಳಿಗೆ ಯಾವ ಡೇಟಾಬೇಸಿನಲ್ಲೂ ಕಾಲಂ ಇರಲಿಲ್ಲ.

ಇಲ್ಲಿ ಒಂದು ಗಟ್ಟಿ ಆಕ್ಷೇಪವಿದೆ, ಅದನ್ನು ಮುಚ್ಚಿಡುವುದು ಅಪ್ರಾಮಾಣಿಕತೆ. ‘ಊರವರ ಮಾತನ್ನೆಲ್ಲ ನಂಬುವುದು ಹೇಗೆ? ಒಬ್ಬರ ‘ಬಹಳ’ ಇನ್ನೊಬ್ಬರ ‘ಕಡಿಮೆ’. ಸಾಮಾನ್ಯ ಅಳತೆಗೋಲಿಲ್ಲದೆ ಬಿಳಿಗಿರಿಯನ್ನೂ ಬ್ರೆಜಿಲನ್ನೂ ಕೂಡಿಸುವುದು ಹೇಗೆ?’ ಒಪ್ಪುತ್ತೇನೆ. ಸ್ಥಳೀಯ ಎಂಬ ಮಾತ್ರಕ್ಕೆ ಲೆಕ್ಕ ಸತ್ಯವಾಗುವುದಿಲ್ಲ. ರಾಜಸ್ಥಾನದ ಸರಿಸ್ಕಾ ಇದಕ್ಕೆ ನಾವು ಮರೆಯಬಾರದ ಸಾಕ್ಷಿ. 2004ರಲ್ಲಿ ಅಲ್ಲಿ ಹದಿನೈದಕ್ಕೂ ಹೆಚ್ಚು ಹುಲಿಗಳಿವೆ ಎಂದು ಅಧಿಕೃತ ಲೆಕ್ಕ ಹೇಳುತ್ತಿತ್ತು. 2005ರ ಆರಂಭದಲ್ಲಿ ಹುಡುಕಿದರೆ ಒಂದೂ ಇರಲಿಲ್ಲ. ಹುಲಿಗಳನ್ನು ಬೇಟೆಗಾರರು ಮುಗಿಸಿದ್ದರು, ಹೆಜ್ಜೆ ಗುರುತಿನ ಲೆಕ್ಕ ಮಾತ್ರ ಕಾಗದದ ಮೇಲೆ ಓಡಾಡಿಕೊಂಡಿತ್ತು. ಆ ಹೆಜ್ಜೆ ಗುರುತಿನ ವಿಧಾನ ನಂಬಲರ್ಹವಲ್ಲ ಎಂದು ಉಲ್ಲಾಸ ಕಾರಂತರು ವರ್ಷಗಳಿಂದ ಹೇಳುತ್ತಿದ್ದರು. ನಾಗರಹೊಳೆಯಲ್ಲಿ ಕ್ಯಾಮೆರಾ ಟ್ರ್ಯಾಪ್ ಇಟ್ಟು, ಪಟ್ಟೆ ನೋಡಿ ಹುಲಿ ಗುರುತಿಸಿ, ಬೇರೆ ದಾರಿಯನ್ನೂ ತೋರಿಸಿದ್ದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸರಿಸ್ಕಾ ಖಾಲಿಯಾದ ಮೇಲೆ ವಿಧಾನ ಬದಲಾಯಿತು. 3,642 ಎನ್ನುತ್ತಿದ್ದ ದೇಶದ ಹುಲಿಗಳ ಸಂಖ್ಯೆ ಹೊಸ ಅಂದಾಜಿನಲ್ಲಿ 1,411ಕ್ಕೆ ಬಂದು ನಿಂತಿತು.

ಸರಿಸ್ಕಾದ ಪಾಠವನ್ನು ‘ಊರವರನ್ನು ನಂಬಬೇಡಿ’ ಎಂದು ಓದುವುದು ತಪ್ಪು. ಅಲ್ಲಿ ಎಣಿಸಿದವರೂ, ಎಣಿಕೆ ಚೆನ್ನಾಗಿ ಬಂದರೆ ಬೆನ್ನು ತಟ್ಟಿಸಿಕೊಳ್ಳುವವರೂ ಒಂದೇ ಇಲಾಖೆಯವರು. ವಿಧಾನವನ್ನು ಹೊರಗಿನವರು ಪರೀಕ್ಷಿಸಲು ಬಿಡಲಿಲ್ಲ. ಲೆಕ್ಕದಲ್ಲಿ ಲಾಭವಿರುವವನ ಲೆಕ್ಕವನ್ನು ಇನ್ನೊಬ್ಬ ನೋಡಬೇಕು ಎಂಬುದು ಹಳ್ಳಿಯ ಹಾಲಿನ ಡೇರಿಗೂ ಗೊತ್ತಿರುವ ನಿಯಮ. ಈ ನಿಯಮ ಗಾರ್ಡಿಗೂ ಅನ್ವಯಿಸಬೇಕು, ದೆಹಲಿಗೂ ಅನ್ವಯಿಸಬೇಕು, ಕೋಪನ್‌ಹೇಗನ್ನಿಗೂ ಅನ್ವಯಿಸಬೇಕು.

ಒಳ್ಳೆಯ ಯೋಚನೆ ಫಾರಮ್ಮಾಗಿ ಸಾಯುವ ಇನ್ನೊಂದು ಬಗೆಯೂ ಇದೆ. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಊರಿನ ಜೀವಗಳ ಮತ್ತು ತಿಳಿವಳಿಕೆಯ ದಾಖಲೆಯನ್ನು, ಅಂದರೆ ಜನತಾ ಜೀವವೈವಿಧ್ಯ ದಾಖಲಾತಿಯನ್ನು, ತಯಾರಿಸಬೇಕು. ಮಾಧವ ಗಾಡ್ಗೀಳರು ಮತ್ತು ಸಂಗಡಿಗರು ಕಾಯಿದೆಗೂ ಮುಂಚೆಯೇ ಊರೂರಿನಲ್ಲಿ ಕೂತು ಮಾಡಿ ತೋರಿಸಿದ ಕೆಲಸವದು. ವರ್ಷಗಟ್ಟಲೆ ರಾಜ್ಯಗಳು ಮಲಗಿದ್ದವು. ಕೊನೆಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ಕೊಟ್ಟು, ತಪ್ಪಿದರೆ ತಿಂಗಳಿಗೆ 10 ಲಕ್ಷ ರೂಪಾಯಿ ಕಟ್ಟಬೇಕೆಂದಿತು. ಗಡುವು ಬಂದಾಗ ಏನಾಗುತ್ತದೆ ಎಂಬುದು ವಿದ್ಯಾರ್ಥಿಗಳಾದ ನಿಮಗೆ ಗೊತ್ತು. ಹಿಂದಿನ ರಾತ್ರಿ ರೆಕಾರ್ಡ್ ಬರೆದಂತೆ ದೇಶದ ತುಂಬ ದಾಖಲಾತಿಗಳು ಎದ್ದುನಿಂತವು. ಈಗ ಎರಡೂವರೆ ಲಕ್ಷಕ್ಕೂ ಹೆಚ್ಚಿವೆ. ನಿಮ್ಮೂರಿನ ದಾಖಲಾತಿಯನ್ನು ಒಮ್ಮೆ ಪಂಚಾಯಿತಿಯಲ್ಲಿ ಕೇಳಿ ನೋಡಿ. ನಾನು ನನ್ನೂರಿನದನ್ನು ಕೇಳಿದೆ. ಬೀರುವಿನಿಂದ ತೆಗೆದುಕೊಟ್ಟರು. ನಮ್ಮೂರಲ್ಲಿಲ್ಲದ ಎರಡು ಮೀನುಗಳು ಅದರಲ್ಲಿದ್ದವು, ಊರ ಮುಂದಿನ ಕೆರೆಯ ಹೆಸರಿರಲಿಲ್ಲ.

ಇಷ್ಟೆಲ್ಲ ಹೇಳಿ ಏನು ಬೇಕೆಂದು ಹೇಳದಿದ್ದರೆ ಇದೂ ಒಂದು ಗೊಣಗಾಟವಾದೀತು. ನನ್ನ ಬೇಡಿಕೆಗಳು ಮೂರು.

ಮೊದಲನೆಯದು ಹಣದ್ದು. ಜಗತ್ತಿನ ಜೀವವೈವಿಧ್ಯ ವೀಕ್ಷಣೆಗೆ ಬರುವ ದುಡ್ಡು ಮೂರು ವರ್ಷದ ಪ್ರಾಜೆಕ್ಟುಗಳಾಗಿ ಬರುವುದು ನಿಲ್ಲಬೇಕು. ಮೂರು ವರ್ಷದಲ್ಲಿ ಒಂದು ಮಾವಿನ ಮರದ ಸ್ವಭಾವವೂ ತಿಳಿಯುವುದಿಲ್ಲ. ಒಂದು ಜಾಗ, ಒಂದು ವಿಧಾನ, ಕನಿಷ್ಠ ಮೂವತ್ತು ವರ್ಷ. ಅಲ್ಲಿ ನಡೆಯುವ ವಾಚರ್‌ಗೆ ದಿನಗೂಲಿಯ ಬದಲು ಕಾಯಂ ಕೆಲಸ. ಪ್ರತಿ ಹೊಸ ಡ್ಯಾಶ್‌ಬೋರ್ಡಿಗೆ ಸಹಿ ಹಾಕುವ ಮುನ್ನ, ಅದೇ ದುಡ್ಡಿನಲ್ಲಿ ಎಷ್ಟು ಜನ ಎಷ್ಟು ವರ್ಷ ನಡೆಯಬಹುದಿತ್ತು ಎಂಬ ಲೆಕ್ಕವನ್ನು ಪಕ್ಕದಲ್ಲಿ ಬರೆಯಬೇಕು.

ಎರಡನೆಯದು ಭಾಷೆಯದ್ದು. ಲೆಕ್ಕ ಹೋದ ದಾರಿಯಲ್ಲೇ ಮರಳಿ ಬರಬೇಕು, ಊರಿನ ಭಾಷೆಯಲ್ಲಿ ಬರಬೇಕು. ಹದಿನಾರು ಭಾಷೆಗಳಲ್ಲಿ ಇಂಗ್ಲಿಷಿನ ಹೊರಗೆ ಪ್ರಕಟವಾದ ಸಂರಕ್ಷಣಾ ಅಧ್ಯಯನಗಳನ್ನು ಹುಡುಕಿದ ತಂಡವೊಂದು 2021ರಲ್ಲಿ 1,234 ಉಪಯುಕ್ತ ಅಧ್ಯಯನಗಳನ್ನು ಕಂಡುಕೊಂಡಿತು. ಜಗತ್ತು ಅವನ್ನು ಓದದೆ ಬಿಟ್ಟಿತ್ತು. ಪತ್ರಿಕೆಯಲ್ಲಿ ಪ್ರಕಟವಾದ ಬರಹದ ಗತಿಯೇ ಹೀಗಾದರೆ ಕನ್ನಡದ ಬಾಯಿಮಾತಿನ ಗತಿ ಏನು? ಹೆಜ್ಜೇನು, ತುಡುವೆ, ಕೋಲುಜೇನು, ಮಿಸರಿ ಎಂದು ಬೇರೆ ಬೇರೆಯಾಗಿ ಗುರುತಿಸುವವನ ಕೈಗೆ ‘ಇತರೆ’ ಎಂಬ ಒಂದೇ ಕಾಲಂ ಕೊಟ್ಟು, ಅವನಿಗೆ ಡೇಟಾ ಸಂಗ್ರಹದ ತರಬೇತಿ ಕೊಟ್ಟೆವು ಎನ್ನುವುದು ಅಹಂಕಾರ.

ಮೂರನೆಯದು ಅಧಿಕಾರದ್ದು. ಎಣಿಕೆಗೆ ತಡೆಯುವ ಶಕ್ತಿ ಇರಬೇಕು. ಒಂದು ಕಡೆ ಹತ್ತು ವರ್ಷದ ನಂಬಬಹುದಾದ ಲೆಕ್ಕ ಇಲ್ಲದಿದ್ದರೆ ಆ ಕಾರಣಕ್ಕೇ ಯೋಜನೆ ಕಾಯಬೇಕು. ಈಗ ನಡೆಯುತ್ತಿರುವುದು ಇದರ ತಿರುವುಮುರುವು. ಮಾಹಿತಿಯ ಕೊರತೆ ಯಾವಾಗಲೂ ಬುಲ್ಡೋಜರಿನ ಕಡೆಯವರಿಗೇ ಅನುಕೂಲವಾಗುತ್ತಿದೆ.

ಇದು ಆಗದ ಮಾತಲ್ಲ. ‘ಭಾರತದ ಹಕ್ಕಿಗಳ ಸ್ಥಿತಿಗತಿ’ ಎಂಬ 2023ರ ವರದಿಗೆ 30 ಸಾವಿರಕ್ಕೂ ಹೆಚ್ಚು ಪಕ್ಷಿವೀಕ್ಷಕರು ಸುಮಾರು 3 ಕೋಟಿ ದಾಖಲೆಗಳನ್ನು ಕೊಟ್ಟರು. 942 ಪ್ರಭೇದಗಳನ್ನು ಪರಿಶೀಲಿಸಿದ ಆ ವರದಿ, ದೀರ್ಘಕಾಲದ ಏರಿಳಿತ ಹೇಳಲು ಸಾಕಷ್ಟು ಮಾಹಿತಿಯಿರುವುದು 338ಕ್ಕೆ ಮಾತ್ರ ಎಂದು ನೇರವಾಗಿ ಹೇಳಿತು. ಆ 338ರಲ್ಲಿ ಶೇ. 60ರಷ್ಟು ಇಳಿದಿವೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಬರೆದದ್ದರಿಂದಲೇ ಅದರ ಉಳಿದ ಮಾತನ್ನು ನಾನು ನಂಬುತ್ತೇನೆ. ಕೇರಳದಲ್ಲಿ 2015ರಿಂದ 2020ರವರೆಗೆ ಸಾವಿರದಷ್ಟು ಸ್ವಯಂಸೇವಕರು ರಾಜ್ಯವನ್ನು ಚೌಕಗಳಾಗಿ ವಿಂಗಡಿಸಿಕೊಂಡು, ಹಕ್ಕಿ ಸಿಗುವ ಚೆಂದದ ಜಾಗಗಳಿಗಷ್ಟೇ ಹೋಗದೆ ಮೊದಲೇ ಗೊತ್ತುಮಾಡಿದ ಚೌಕಗಳಿಗೆಲ್ಲ ಹೋಗಿ ಪಕ್ಷಿ ಅಟ್ಲಾಸ್ ಮಾಡಿದರು. ಹಕ್ಕಿಗೆ ಮಾಡಿದ್ದನ್ನು ಜೇನಿಗೆ, ಕಪ್ಪೆಗೆ, ಹುಲ್ಲಿಗೆ ಮಾಡಲು ನಮಗೇನು ಅಡ್ಡಿ?

ಸಾಹಿತ್ಯದ ಪತ್ರಿಕೆಯಲ್ಲಿ ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೆ ಎನಿಸಿರಬಹುದು. ಈ ಜಗಳವನ್ನು ಕನ್ನಡ ಸಾಹಿತ್ಯ ಯಾವತ್ತೋ ಶುರುಮಾಡಿದೆ. 1980ರಲ್ಲಿ ಬಂದ ತೇಜಸ್ವಿಯವರ ‘ಕರ್ವಾಲೊ’ವನ್ನು ನಾವೆಲ್ಲ ಓದಿದ್ದೇವೆ. ಊರಿನವರು ಉಡಾಳ ಎಂದುಕೊಂಡಿದ್ದ ಮಂದಣ್ಣನಲ್ಲಿ ವಿಜ್ಞಾನಿ ಕರ್ವಾಲೊ ಒಬ್ಬ ಹುಟ್ಟು ನಿಸರ್ಗತಜ್ಞನನ್ನು ಕಾಣುತ್ತಾರೆ. ನಾವು ಆ ಕಾದಂಬರಿಯ ಹಾರುವ ಓತಿಯ ಬಗ್ಗೆ ಸೆಮಿನಾರುಗಳನ್ನು ಮಾಡಿದೆವು. ಮಂದಣ್ಣನಂಥವರಿಗೆ ಕೊಡಬೇಕಾದ ಸಂಬಳದ ಬಗ್ಗೆ ಒಂದು ಸೆಮಿನಾರೂ ಮಾಡಲಿಲ್ಲ. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಗಿಡಗಳ ಬಗ್ಗೆ ಕನ್ನಡದಲ್ಲಿ ಎಷ್ಟು ಚೆನ್ನಾಗಿ ಮಾತಾಡಬಹುದು ಎಂದು ತೋರಿಸಿ, ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದು, ನಮ್ಮ ಕಪಾಟಿನಲ್ಲಿ ಕೂತಿದೆ. ಜೀವಿಗಳ ಕನ್ನಡ ಹೆಸರುಗಳನ್ನು ಊರೂರಿನಿಂದ ಕೂಡಿಸಿ, ವೈಜ್ಞಾನಿಕ ಹೆಸರಿನ ಪಕ್ಕ ಇಟ್ಟು, ಫಾರಂ ತಯಾರಿಸುವವರ ಮುಂದೆ ಹಾಕುವ ಕೆಲಸವನ್ನು ಕನ್ನಡ ವಿಭಾಗಗಳ ವಿದ್ಯಾರ್ಥಿಗಳು ಜೀವಶಾಸ್ತ್ರದವರ ಜೊತೆ ಕೂತು ಮಾಡಬಹುದು. ಅದಕ್ಕೆ ವಿಶ್ವಸಂಸ್ಥೆಯ ಅಪ್ಪಣೆ ಬೇಕಿಲ್ಲ.

ಕಳೆದ ಚಳಿಗಾಲದಲ್ಲಿ ಮತ್ತೆ ಅದೇ ಕಾಡಿಗೆ ಹೋಗಿದ್ದೆ. ಆ ವಾಚರ್ ಕೆಲಸ ಬಿಟ್ಟಿದ್ದರು. ಪೋಡಿಗೆ ಹೋಗಿ ಮಾತಾಡಿಸಿದೆ. ಅವರ ಹೆಜ್ಜೇನಿನ ಮರದ ಬಗ್ಗೆ ನಾನೇ ಕೇಳಿದೆ. ಹೋದ ವರ್ಷ ಮೂರು ಹುಟ್ಟು, ಈ ವರ್ಷ ಇನ್ನೂ ಬಂದಿಲ್ಲ ಎಂದರು. ಯಾರೂ ಕೇಳದಿದ್ದರೂ ಅವರು ಎಣಿಸುತ್ತಲೇ ಇದ್ದಾರೆ. ನಾನು ನೋಟ್‌ಬುಕ್ ತೆಗೆದು ವರ್ಷ ಹಾಕಿ ಬರೆದುಕೊಂಡೆ. ಹಳೆಯ ಲೆಕ್ಕ ಏನಾಯಿತೆಂದು ಈ ಸಲ ಅವರು ಕೇಳಲಿಲ್ಲ. “ಎಲ್ಲಿ ಬರೆದ್ರಿ, ತೋರ್ಸಿ ಸಾ” ಎಂದು ಪುಸ್ತಕ ಈಸಿಕೊಂಡು, ಪುಟವನ್ನು ಹೊತ್ತು ನೋಡಿ ಹಿಂದಕ್ಕೆ ಕೊಟ್ಟರು.